ವಸ್ತಿ ಬಸ್ಸು ಅನ್ನೋ ನಮ್ಮ ಕಡೆಯ ಹಳೇ ಮೋಟರ್‌ಹೋಮು

ಹಳೇ ಬಸ್ಸೊಂದನ್ನ ಕೊಂಡು, ಸೀಟೆಲ್ಲ ಕಿತ್ತು, ಮಂಚ, ಒಲೆ, ನೀರಿನ ಟ್ಯಾಂಕು, ಪುಟ್ಟದೊಂದು ಬಚ್ಚಲು ಜೋಡಿಸಿಕೊಂಡು ಅದರಲ್ಲೇ ಊರೂರು ಸುತ್ತೋ ಹುಚ್ಚು ಈಗ ನಮ್ಮಲ್ಲೂ ಶುರುವಾಗಿದೆ. ಇದಕ್ಕೆ ಮೋಟರ್‌ಹೋಮ್ ಅಂತಾರೆ, ಸರ್ಕಾರಿ ಕಾಗದದಲ್ಲಿ ಮೋಟರ್ ಕ್ಯಾರವಾನ್. ಆಫೀಸಿನಲ್ಲಿ ನಮ್ಮ ಟೀಮಿನ ಮೂವರಿಗೆ ಈ ಹುಚ್ಚು ಹಿಡಿದು ಆರು ತಿಂಗಳಾಯ್ತು. ಎಕ್ಸೆಲ್ ಶೀಟು ರೆಡಿ ಇದೆ, ಒಳಗಿನ ನಕ್ಷೆ ಮೂರನೇ ವರ್ಶನ್ನಿಗೆ ಬಂದಿದೆ, ಉಳಿಸಿದ ದುಡ್ಡು ಎಷ್ಟು ಹಾಕಬೇಕು ಅನ್ನೋ ಜಗಳವೂ ಮುಗಿದಿದೆ.. ಬಸ್ಸು ಮಾತ್ರ ಇನ್ನೂ ಬಂದಿಲ್ಲ :)

ನಾನು ಹಾನಗಲ್ ತಾಲೂಕಿನವನು. ನಮ್ಮ ಮೊದಲ ಟ್ರಿಪ್ಪು ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಅಂತ ನಾನೇ ಹಟ ಹಿಡಿದು ಬರೆಸಿದ್ದೀನಿ. ಹಾಗಾಗಿ ಈ ನಾಲ್ಕು ತಾಲೂಕಿನಲ್ಲಿ ಯಾರಾದರೂ ಹಿಂದೆ ಬಸ್ಸನ್ನ ಮನೆ ಮಾಡಿಕೊಂಡಿದ್ದರಾ ಅಂತ ಹುಡುಕೋಕೆ ಹೊರಟೆ. ಉತ್ತರ ನಮ್ಮ ಮನೆಯಲ್ಲೇ ಇತ್ತು. ನಮ್ಮ ಕಾಕಾ ಕಂಡಕ್ಟರ್ ಆಗಿದ್ದವರು, ಈಗ ರಿಟೈರ್ಡ್. ಬಸ್ಸನ್ನ ಮನೆ ಮಾಡ್ತೀವಿ ಅಂತ ನಾನು ಹೇಳಿದಾಗ ಅವರು ಅಂದಿದ್ದು ಇಷ್ಟೇ: "ಅಲ್ಲೋ ತಮ್ಮಾ, ಬಸ್ಸಿನ್ಯಾಗ ಮಲಕೊಳ್ಳಾಕ ನೀವು ಲಕ್ಷಗಟ್ಟಲೆ ರೊಕ್ಕಾ ಹಾಕ್ತೀರಿ? ನಮಗ ಅವರ ರೊಕ್ಕಾ ಕೊಡ್ತಿದ್ರಲ್ಲೋ!"

ಅವರು ಹೇಳ್ತಿದ್ದಿದ್ದು ವಸ್ತಿ ಬಸ್ಸಿನ ವಿಷಯ.

ದಕ್ಷಿಣದ ಕಡೆಯ ಗೆಳೆಯರಿಗೆ ಈ ಪದ ಹೊಸದಿರಬಹುದು, ನೀವು ನೈಟ್ ಹಾಲ್ಟ್ ಬಸ್ ಅಂತೀರಲ್ಲ, ಅದೇ. ಸಂಜೆ ತಾಲೂಕು ಊರು ಬಿಟ್ಟು, ರಾತ್ರಿ ಕೊನೇ ಹಳ್ಳಿ ಮುಟ್ಟಿ, ಅಲ್ಲೇ ಉಳಿದು, ಬೆಳಗಿನ ಜಾವ ಅಲ್ಲಿಂದಲೇ ಹೊರಡೋ ಬಸ್ಸು. ಡ್ರೈವರು ಕಂಡಕ್ಟರು ಇಬ್ಬರೂ ಊರಲ್ಲೇ ಉಳೀತಾರೆ, ಬಹಳ ಸಲ ಬಸ್ಸಿನಲ್ಲೇ ಮಲಗ್ತಾರೆ. ವಸತಿ ಅನ್ನೋ ಸಂಸ್ಕೃತ ಪದವೇ ನಮ್ಮ ಬಾಯಲ್ಲಿ ವಸ್ತಿ ಆಗಿದ್ದು. ಅದೇ ವಸತಿ ಹಳೆಗನ್ನಡದ ಹೊತ್ತಿಗೆ ಬಸದಿ ಆಗಿ ಜೈನರ ಗುಡಿಗೆ ಹೆಸರಾಯ್ತು. ಬಸ್ಸು ಮಾತ್ರ ಲ್ಯಾಟಿನ್ನಿನ ಆಮ್ನಿಬಸ್, ಅಂದರೆ ಎಲ್ಲರಿಗೂ ಅನ್ನೋ ಮಾತಿನ ಬಾಲ. ಹಾಗಾಗಿ ವಸ್ತಿ ಬಸ್ಸು ಅಂದರೆ ಎಲ್ಲರ ಮನೆ ಅಂತ ಅರ್ಥ ಹಚ್ಚಬಹುದೇನೋ.. ಭಾಷಾಶಾಸ್ತ್ರದವರು ಬೈಬೇಡಿ :)

ಈ ಬಸ್ಸು ನಮ್ಮ ಹಳ್ಳಿಗಳಿಗೆ ಬಂದ ದಾರಿಯೂ ಸ್ವಲ್ಪ ಸುತ್ತಿನದೇ. ಸ್ವಾತಂತ್ರ್ಯ ಬಂದಾಗ ನಮ್ಮ ಸೀಮೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಮುಂಬಯಿ ಸರ್ಕಾರದ ಎಸ್.ಟಿ. ಬಸ್ಸು ಮೊದಲ ಸಲ ಓಡಿದ್ದು 1948ರ ಜೂನ್ 1ರಂದು, ಪುಣೆಯಿಂದ ಅಹಮದ್‌ನಗರಕ್ಕೆ. ಅದೇ ವರ್ಷ ಸೆಪ್ಟೆಂಬರ್ 12ರಂದು ಅತ್ತ ಮೈಸೂರು ಸಂಸ್ಥಾನದಲ್ಲೂ ಸರ್ಕಾರಿ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯ್ತು. 1956ರ ನವೆಂಬರ್ 1ಕ್ಕೆ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಮೈಸೂರು ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ಹುಟ್ಟಿತು, 1973ರಲ್ಲಿ ರಾಜ್ಯದ ಹೆಸರಿನ ಜೊತೆ ಅದರ ಹೆಸರೂ ಕರ್ನಾಟಕ ಅಂತಾಯ್ತು. 1997ರ ಆಗಸ್ಟಿನಲ್ಲಿ ಹಾವೇರಿ ಬೇರೆ ಜಿಲ್ಲೆಯಾಯ್ತು, ಅದೇ ನವೆಂಬರಿನಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಬಂತು. ಕಾಕಾ ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದಲ್ಲಿ. "ಬೋರ್ಡ್ ಬದಲಾತು, ಜಿಲ್ಲಾ ಬದಲಾತು, ವಸ್ತಿ ಮಾತ್ರ ಅದ ಊರಾಗ" ಅಂತಾರೆ.

ಈಗ ಆ ಬಸ್ಸಿನೊಳಗಿನ ಮನೆ ಹೇಗಿತ್ತು ಅಂತ ಕಾಕಾನ ಬಾಯಿಂದ ಕೇಳಿದ್ದನ್ನ ಬರೀತೀನಿ.

ಹಿಂದಿನ ಉದ್ದ ಸೀಟು ಕಂಡಕ್ಟರನ ಮಂಚ. ಡ್ರೈವರು ಮುಂದೆ, ಎಂಜಿನ್ನಿನ ಬಾನೆಟ್ ಪಕ್ಕ. ಎಂಜಿನ್ ಮುಂದಿರೋ ಬಸ್ಸುಗಳಲ್ಲಿ ಆ ಬಾನೆಟ್ಟು ರಾತ್ರಿ ಬಹಳ ಹೊತ್ತು ಬಿಸಿ ಇರುತ್ತೆ. ಡಿಸೆಂಬರಿನಲ್ಲಿ ಅದು ಸ್ವರ್ಗ, ಏಪ್ರಿಲಿನಲ್ಲಿ ಅದೇ ನರಕ. ಬೇಸಿಗೆಯಲ್ಲಿ ಇಬ್ಬರೂ ಏಣಿ ಹತ್ತಿ ಟಾಪಿನ ಮೇಲೆ. ಸವಣೂರಿನ ಕಡೆ ಹಿಂದಿನ ಟ್ರಿಪ್ಪಿನಲ್ಲಿ ವೀಳ್ಯದೆಲೆ ಪೆಂಡಿ ಹೇರಿದ್ದರೆ ಟಾಪೆಲ್ಲ ತಂಪು ತಂಪು ವಾಸನೆ. ಟಿಕೆಟ್ಟಿನ ಟ್ರಂಕು, ರೊಕ್ಕದ ಚೀಲ ತಲೆ ಕೆಳಗೆ. ಅದನ್ನ ಬಿಟ್ಟು ಕಂಡಕ್ಟರು ಎಲ್ಲಿಗೂ ಹೋಗೋ ಹಾಗಿಲ್ಲ. ಬಸ್ಸು ನಿಲ್ಲಿಸೋಕೆ ಇಳಿಜಾರು ಹುಡುಕಬೇಕು, ಯಾಕಂದ್ರೆ ಬೆಳಿಗ್ಗೆ ಬ್ಯಾಟರಿ ಕೈ ಕೊಟ್ಟರೆ ಉರುಳಿಸಿ ಸ್ಟಾರ್ಟ್ ಮಾಡಬಹುದು. ಬೋರ್‌ವೆಲ್ಲಿನಲ್ಲಿ ಸ್ನಾನ. ಊಟ ಒಂದೊಂದು ದಿನ ಒಂದೊಂದು ಮನೆಯಿಂದ, ರೊಟ್ಟಿ ಪಲ್ಯ, ಅಮಾಸಿ ಹುಣ್ಣಿವೆ ಬಂದರೆ ಹೋಳಿಗೆ.

ಇದು ಪುಕ್ಕಟೆ ಅಲ್ಲ. ಊರವರ ಚೀಟಿ ಹಿಡಿದು ತಾಲೂಕಿನಿಂದ ಔಷಧಿ ತರೋದು, ಪೇಪರ್ ತರೋದು, ಗಂಡನ ಮನೆಗೆ ಹೋದ ಮಗಳಿಗೆ ಸುದ್ದಿ ಮುಟ್ಟಿಸೋದು, ಕಾಲೇಜು ಹುಡುಗರು ಓಡಿ ಬರೋದು ಕಂಡರೆ ಎರಡು ನಿಮಿಷ ನಿಲ್ಲೋದು. ಬೆಳಿಗ್ಗೆ ಐದೂವರೆಯ ಹಾರ್ನೇ ಆ ಊರಿನ ಗಡಿಯಾರ.

ಒಂದು ರಾತ್ರಿ ಒಬ್ಬ ಬಸುರಿಗೆ ನೋವು ಶುರುವಾಯ್ತಂತೆ. ಊರಲ್ಲಿ ಇದ್ದ ವಾಹನ ಇದೊಂದೇ. ಡ್ರೈವರು ಕಾಕಾನ ಮುಖ ನೋಡಿದರು, ಕಾಕಾ ಡ್ರೈವರ ಮುಖ ನೋಡಿದರು. ಬೆಳಿಗ್ಗೆ ಐದೂವರೆಯ ಬಸ್ಸು ರಾತ್ರಿ ಒಂದಕ್ಕೆ ಹೊರಟಿತು. ಕಾಕಾ ಮಾತ್ರ ಆ ಹೆಣ್ಣುಮಗಳು, ಅವಳ ತಾಯಿ, ಗಂಡ, ಸೂಲಗಿತ್ತಿ, ನಾಲ್ಕೂ ಜನಕ್ಕೆ ಟಿಕೆಟ್ ಹರಿದರಂತೆ! "ಯಾಕ ಕಾಕಾ, ಅಂಥಾ ಹೊತ್ತಿನ್ಯಾಗ ಟಿಕೆಟ್?" ಅಂದೆ. "ಟಿಕೆಟ್ ಹರಿದ್ರ ಅದು ಟ್ರಿಪ್ಪು. ಹರೀಲಿಲ್ಲಂದ್ರ ಬಸ್ಸು ಕದ್ದಂಗ" ಅಂದರು. ಮರುದಿನ ಕಾಗದದಲ್ಲಿ ಎಲ್ಲ ಬರೆದುಕೊಟ್ಟರು, ಯಾರೂ ಏನೂ ಅನ್ನಲಿಲ್ಲ. ಹುಟ್ಟಿದ ಹುಡುಗಿಯ ಮದುವೆಗೆ ಕಾಕಾ ಹೋಗಿ ಉಂಡು ಬಂದಿದ್ದಾರೆ.

ಬಸ್ಸಿಗಿಂತ ಮುಂಚೆಯೂ ಇದು ತಿರುಗಾಡಿಗಳ ಸೀಮೆಯೇ. ಶಿಗ್ಗಾವಿ ತಾಲೂಕಿನ ಬಾಡ ಕನಕದಾಸರ ಊರು, ಅದೇ ತಾಲೂಕಿನ ಶಿಶುವಿನಹಾಳ ಶಿಶುನಾಳ ಶರೀಫರ ಊರು. ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳ ಜೊತೆ ಸರ್ವಜ್ಞನ ಹೆಸರು ಅಂಟಿಕೊಂಡಿದೆ. ಆದರೆ ಇವರೆಲ್ಲ ಒಬ್ಬೊಬ್ಬರಾಗಿ ತಿರುಗಿದವರು. ಒಂದು ಇಡೀ ಸಂಸಾರವನ್ನೇ ಕಟ್ಟಿಕೊಂಡು ತಿರುಗಿದವರು ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳು. ಹುಟ್ಟುಕುರುಡರಾದ ಅವರನ್ನ ಓದಿಸಿ ಬೆಳೆಸಿದ್ದು ಹಾನಗಲ್ಲಿನ ಕುಮಾರ ಸ್ವಾಮಿಗಳು. ಗವಾಯಿಗಳು ನಡೆಸಿದ್ದು ಸಂಚಾರಿ ಸಂಗೀತ ಪಾಠಶಾಲೆ. ಕಣ್ಣಿಲ್ಲದ ಮಕ್ಕಳು, ಬಡ ಮಕ್ಕಳು, ತಂಬೂರಿ, ತಬಲಾ, ಅಡಿಗೆ ಪಾತ್ರೆ ಎಲ್ಲ ಸೇರಿ ಊರಿಂದೂರಿಗೆ. ಪುಟ್ಟರಾಜ ಗವಾಯಿಗಳು, ಬಸವರಾಜ ರಾಜಗುರು ಅವರ ಶಿಷ್ಯರು. 1940ರ ದಶಕದ ಶುರುವಿನಲ್ಲಿ ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಆ ಶಾಲೆ ನೆಲೆ ನಿಂತಿತು, 1944ರಲ್ಲಿ ಗವಾಯಿಗಳು ತೀರಿಕೊಂಡರು. ಹಿಂದೂಸ್ತಾನಿ ಸಂಗೀತದಲ್ಲಿ ಇಂದಿಗೂ ಹೆಸರಿರೋ ಒಂದು ಪರಂಪರೆ ಅಷ್ಟು ವರ್ಷ ಸ್ವಂತ ಸೂರಿಲ್ಲದೇ ಬೆಳೆಯಿತು ಅನ್ನೋದನ್ನ ನಾವು ಮರೀತೀವಿ.

ಅದು ಹೇಗೆ ಸಾಧ್ಯ ಆಯ್ತು? ಹೋದ ಊರಲ್ಲಿ ಇಳಿಸಿಕೊಳ್ಳೋರು ಇದ್ದರು. ಮಠ ಇತ್ತು, ಧರ್ಮಶಾಲೆ ಇತ್ತು, ಜೋಳ ಕೊಡೋ ಮನೆ ಇತ್ತು. ನಾಟಕ ಕಂಪನಿಗಳದ್ದೂ ಇದೇ ಕಥೆ. ಕಂಪನಿ ಒಂದು ಊರಿಗೆ ಬಂದರೆ ಥೇಟರು ಕಟ್ಟೋಕೆ ಬಯಲು, ನಟರಿಗೆ ಬಾಡಿಗೆ ಮನೆ, ಸಾಲಕ್ಕೆ ಅಕ್ಕಿ ಬೇಳೆ ಕೊಡೋ ಅಂಗಡಿ ಬೇಕು. ಕ್ಯಾಂಪು ಅಂತಲೇ ಅದಕ್ಕೆ ಹೆಸರು. 1985ರಲ್ಲಿ ಹೆಗ್ಗೋಡಿನ ನೀನಾಸಂ ತಿರುಗಾಟ ಶುರು ಮಾಡಿದಾಗಲೂ ಊರೂರಲ್ಲಿ ಆಡಿಸೋ, ಉಣಿಸೋ, ಮಲಗೋಕೆ ಜಾಗ ಕೊಡೋ ಜನರನ್ನ ನಂಬಿಕೊಂಡೇ ಹೊರಟಿದ್ದು. ಇನ್ನೂ ಹಿಂದಕ್ಕೆ ಹೋದರೆ ಶಾಸನಗಳಲ್ಲಿ ದಾರಿಹೋಕರಿಗೆ ಅನ್ನ ಹಾಕೋ ಸತ್ರಕ್ಕೆ, ನೀರು ಕೊಡೋ ಅರವಟಿಗೆಗೆ ಭೂಮಿ ಬಿಟ್ಟ ದಾನಗಳು ಸಿಗ್ತವೆ. ಹಾನಗಲ್ಲು ಕದಂಬರ ರಾಜಧಾನಿಯಾಗಿದ್ದ ಕಾಲದಲ್ಲಿ ತಿರುಗೋದು ಒಬ್ಬರ ಕೆಲಸ, ನಿಲ್ಲಿಸಿಕೊಳ್ಳೋದು ಇನ್ನೊಬ್ಬರ ಪುಣ್ಯ.

ಪಶ್ಚಿಮದವರ ಮೋಟರ್‌ಹೋಮು ಶುರುವಾಗಿದ್ದು ಬೇರೆ ಆಸೆಯಿಂದ. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಅನ್ನೋ ಸ್ಕಾಟ್ಲೆಂಡಿನ ಡಾಕ್ಟರು ಅಲೆಮಾರಿಗಳ ಬಂಡಿಯನ್ನ ನೋಡಿ, ಬ್ರಿಸ್ಟಲ್ಲಿನ ರೈಲು ಡಬ್ಬಿ ಕಟ್ಟೋ ಕಾರ್ಖಾನೆಯಲ್ಲಿ 'ವಾಂಡರರ್' ಅನ್ನೋ ಕುದುರೆ ಬಂಡಿ ಮನೆ ಮಾಡಿಸಿಕೊಂಡು ಬರೀ ಸುತ್ತೋದಕ್ಕೇ ಸುತ್ತಿದರು. ಬಸ್ಸಿನ ವಿಷಯಕ್ಕೆ ಬಂದರೆ 1915ರ ರೋಲಂಡ್ ಕಾಂಕ್ಲಿನ್ ನೆನಪಾಗಬೇಕು. ಬಸ್ಸು ತಯಾರಿಸೋ ಕಂಪನಿಯ ಯಜಮಾನ. ತನ್ನ ಕಂಪನಿಯಲ್ಲೇ ಬಸ್ಸಿನಂಥ ಒಂದು ಮನೆ ಕಟ್ಟಿಸಿ, ಅದಕ್ಕೆ ಜಿಪ್ಸಿ ವ್ಯಾನ್ ಅಂತ ಹೆಸರಿಟ್ಟು, ಹೆಂಡತಿ ಮಕ್ಕಳ ಜೊತೆ ನ್ಯೂಯಾರ್ಕ್ ಕಡೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ. ಅಡಿಗೆಮನೆ, ಮಡಚೋ ಹಾಸಿಗೆ, ಸ್ನಾನಕ್ಕೆ ಷವರ್, ಸ್ವಂತ ಕರೆಂಟು.. ಯಾರ ಮನೆ ಬಾಗಿಲೂ ತಟ್ಟೋ ಅಗತ್ಯ ಇಲ್ಲದ ಹಾಗೆ. 1964ರಲ್ಲಿ ಲೇಖಕ ಕೆನ್ ಕೀಸಿ ಮತ್ತು ಗೆಳೆಯರು ಬಣ್ಣ ಬಳಿದುಕೊಂಡು ಅಮೆರಿಕ ಸುತ್ತಿದ 'ಫರ್ದರ್' ಕೂಡ 1939ರ ಹಳೇ ಸ್ಕೂಲ್ ಬಸ್ಸು. ಅದನ್ನ ಇವರು ಕೊಳ್ಳೋ ಮೊದಲೇ ಹಿಂದಿನ ಮಾಲೀಕ ಅದರಲ್ಲಿ ಮಂಚ ಹಾಕಿಸಿದ್ದನಂತೆ.

ನಮ್ಮ ಪಕ್ಕದ ಆಂಧ್ರದಲ್ಲಿ 1982ರಲ್ಲಿ ಎನ್.ಟಿ. ರಾಮರಾವ್ ಹಳೇ ಷೆವ್ರೊಲೆ ವ್ಯಾನೊಂದನ್ನ 'ಚೈತನ್ಯ ರಥ' ಮಾಡಿಸಿಕೊಂಡು ತಿಂಗಳುಗಟ್ಟಲೆ ಅದರಲ್ಲೇ ಇದ್ದು ರಾಜ್ಯ ಸುತ್ತಿದರು. ರಸ್ತೆ ಬದಿಯಲ್ಲೇ ಸ್ನಾನ, ಅಲ್ಲೇ ಊಟ. 1983ರ ಜನವರಿಯಲ್ಲಿ ಮುಖ್ಯಮಂತ್ರಿ. ಮೋಟರ್‌ಹೋಮಿನಿಂದ ಇಷ್ಟು ಲಾಭ ಮಾಡಿಕೊಂಡವರು ಇನ್ನೊಬ್ಬರಿಲ್ಲ ಬಿಡಿ :)

ಇನ್ನು ನಮ್ಮ ಸರ್ಕಾರಿ ಬಸ್ಸೇ ಬೇರೆ ರೂಪ ತಾಳಿದ್ದು 2020ರಲ್ಲಿ, ಕೊರೋನಾ ಕಾಲದಲ್ಲಿ. ರಾಜ್ಯದ ಸಾರಿಗೆ ಸಂಸ್ಥೆಗಳು ಹಳೇ ಬಸ್ಸುಗಳನ್ನ ಸಂಚಾರಿ ಜ್ವರ ಕ್ಲಿನಿಕ್ ಮಾಡಿದವು. ಅದೇ ವರ್ಷ ಆಗಸ್ಟಿನಲ್ಲಿ ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಗುಜರಿಗೆ ಹೋಗಬೇಕಿದ್ದ ಒಂದು ಬಸ್ಸು 'ಸ್ತ್ರೀ ಟಾಯ್ಲೆಟ್' ಆಯ್ತು. ಸುಮಾರು 12 ಲಕ್ಷ ಖರ್ಚಿನಲ್ಲಿ ಶೌಚಾಲಯ, ಕೈ ತೊಳೆಯೋ ಬೇಸಿನ್, ಮಗುವಿಗೆ ಹಾಲುಣಿಸೋ ಜಾಗ, ಸೋಲಾರ್ ದೀಪ. 2021ರಲ್ಲಿ ಐಸಿಯು ಬಸ್ಸೂ ಬಂತು. ನಮ್ಮಂಥ ಎಂಜಿನಿಯರುಗಳು ನೋಡಬೇಕಾದ್ದು ಇವನ್ನೇ. ನೀರು, ಚರಂಡಿ, ಕರೆಂಟು, ಮಂಚ, ನಾವು ಎಕ್ಸೆಲ್ಲಿನಲ್ಲಿ ಬರೆದಿದ್ದನ್ನೆಲ್ಲ ನಮ್ಮ ವರ್ಕ್‌ಶಾಪುಗಳ ಮೆಕ್ಯಾನಿಕ್ಕುಗಳು ಆಗಲೇ ಮಾಡಿ ಮುಗಿಸಿದ್ದಾರೆ.

ಸ್ವಲ್ಪ ಲೆಕ್ಕಾನೂ ಹೇಳಿಬಿಡ್ತೀನಿ. ಐವತ್ತು ಸೀಟಿನ ಬಸ್ಸು, ತಲೆಗೆ 65 ಕೆಜಿ ಹಿಡಿದರೆ ಜನರ ಭಾರವೇ 3,250 ಕೆಜಿ. 500 ಲೀಟರಿನ ನೀರಿನ ಟ್ಯಾಂಕು ಅಂದರೆ ಅರ್ಧ ಟನ್ನು, ಎಂಟು ಜನ ಕೂತ ಹಾಗೆ. ಹಾಗಾಗಿ ಭಾರ ಸಮಸ್ಯೆ ಅಲ್ಲ, ಅದು ಕೂರೋ ಜಾಗ ಸಮಸ್ಯೆ. ಜನ ಬಸ್ಸಿನ ತುಂಬ ಹರಡಿ ಕೂರ್ತಾರೆ, ಟ್ಯಾಂಕು ಒಂದೇ ಕಡೆ ಕೂರುತ್ತೆ. ಅದನ್ನ ಕೆಳಗೆ, ನಡುವಿಗೆ ಇಡಬೇಕು, ಒಳಗೆ ಅಡ್ಡಹಲಗೆ ಹಾಕಬೇಕು, ಇಲ್ಲದಿದ್ದರೆ ತಿರುವಿನಲ್ಲಿ ನೀರು ಬಸ್ಸನ್ನೇ ಎಳೆಯುತ್ತೆ. ಕಿಟಕಿ ದೊಡ್ಡದು ಮಾಡೋಣ ಅಂತ ನಡುವಿನ ಕಂಬ ಕತ್ತರಿಸೋ ಹಾಗಿಲ್ಲ, ಮಾಳಿಗೆಯನ್ನ ಹೊತ್ತಿರೋದೇ ಅವು.

ಕಾನೂನು ಇನ್ನೂ ಬಿಗಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ನು ವಾಹನದ ರೂಪ ಬದಲಿಸೋದಕ್ಕೆ ಕಡಿವಾಣ ಹಾಕುತ್ತೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಂಪನಿ ಕೊಟ್ಟ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಬದಲಿಸೋ ಹಾಗಿಲ್ಲ ಅಂದಿತು. ಮೋಟರ್ ಕ್ಯಾರವಾನಿಗೆ ಎಐಎಸ್-124 ಅನ್ನೋ ಪ್ರತ್ಯೇಕ ಮಾನದಂಡ ಇದೆ. ಸೀಟು-ಮೇಜು, ಮಲಗೋ ಜಾಗ, ಅಡಿಗೆ ವ್ಯವಸ್ಥೆ, ಸಾಮಾನಿನ ಜಾಗ ಇರಲೇಬೇಕು. ಇದರ ಮೇಲೆ 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣವೇ ಇಲ್ಲ, ಸಾರಿಗೆ ಸಂಸ್ಥೆಯ ಬಸ್ಸುಗಳೂ ಸೇರಿ. ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಹೊಗೆ, ಅಪಘಾತ ನೋಡಿದರೆ ನಿಯಮ ಸರಿಯೇ. ಆದರೆ ಕಾಕಾ ಮಲಗಿದ ಬಸ್ಸಿನ ವಯಸ್ಸಿನದ್ದನ್ನ ಹುಡುಕಿ ಮನೆ ಮಾಡ್ತೀನಿ ಅನ್ನೋ ನನ್ನ ಗುಟ್ಟಿನ ಆಸೆಗೆ ಅಲ್ಲಿಗೆ ಮಂಗಳ ಹಾಡಿದ ಹಾಗಾಯ್ತು.

ಇಷ್ಟೆಲ್ಲ ಓದಿ, ಕೇಳಿ ಆದ ಮೇಲೆ ನನಗೆ ಅನ್ನಿಸಿದ್ದು ಒಂದೇ. ಕಾಂಕ್ಲಿನ್ನಿನ ಬಸ್ಸಿನಲ್ಲಿ ಎಲ್ಲ ಇತ್ತು, ವಸ್ತಿ ಬಸ್ಸಿನಲ್ಲಿ ಏನೂ ಇರಲಿಲ್ಲ. ಏನೂ ಇರಲಿಲ್ಲ ಅಂತಲೇ ಊರು ಅದರೊಳಗೆ ಬಂತು. ಟ್ಯಾಂಕು ಇಲ್ಲದ್ದಕ್ಕೆ ಬೋರ್‌ವೆಲ್ಲು, ಒಲೆ ಇಲ್ಲದ್ದಕ್ಕೆ ರೊಟ್ಟಿ, ಇಳಿಜಾರು ಸಿಗದಿದ್ದರೆ ಬೆಳಿಗ್ಗೆ ತಳ್ಳೋಕೆ ಹತ್ತು ಹುಡುಗರು. ನಮ್ಮ ನಕ್ಷೆಯ ಮೂರು ವರ್ಶನ್ನಿನಲ್ಲೂ ನಾವು ಲೆಕ್ಕ ಹಾಕಿದ್ದು ಎಷ್ಟು ದಿನ ಯಾರನ್ನೂ ಕೇಳದೇ ಇರಬಹುದು ಅನ್ನೋದನ್ನ. ಈ ಸೀಮೆಯ ಇತಿಹಾಸದಲ್ಲಿ ಅಂಥಾ ತಿರುಗಾಟವೇ ಇಲ್ಲ.

ಹಾಗಂತ ವಸ್ತಿಯನ್ನ ಹೊಗಳಿ ಕೂರೋಕೂ ಆಗಲ್ಲ. ಕಾಕಾ ಇದನ್ನೆಲ್ಲ ಹೇಳ್ತಿದ್ದಾಗ ಒಳಗಿಂದ ಚಿಗವ್ವ ಬಂದಳು. "ಊರ ಮಂದಿಗೆ ಗಡಿಯಾರ ಆಗಿದ್ರಂತ ನಿಮ್ಮ ಕಾಕಾ. ನನ್ನ ಮಕ್ಕಳು ಅಪ್ಪನ್ನ ಕೇಳಿದ್ರ ನಾ ಕ್ಯಾಲೆಂಡರ್ ತೋರಸ್ತಿದ್ನಿ, ಯಾವತ್ತು ವಸ್ತಿ ಇಲ್ಲಂತ" ಅಂದಳು. ಕಾಕಾ ಚಹಾದ ಕಪ್ಪು ನೋಡ್ತಾ ಕೂತರು. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನಿನಿಂದ, ಬಸ್ಸು ಹತ್ತಿ ತಿರುಗೋಳು ಚಿಗವ್ವನೇ, ಮನೆಯಲ್ಲಿ ಕಾಯೋರು ಕಾಕಾ. ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಅಂತಾಳೆ.

ನಮ್ಮೂರಿಗೆ ಈಗ ವಸ್ತಿ ಬಸ್ಸು ಬರಲ್ಲ. ಮನೆಗೊಂದು ಬೈಕಾಗಿದೆ, ರಾತ್ರಿ ನೋವು ಬಂದರೆ 108 ಬರುತ್ತೆ. ಅದು ಒಳ್ಳೇದೇ. ಕಾಕಾನಂಥವರು ಮನೆಯಲ್ಲಿ ಮಲಗೋದೂ ಒಳ್ಳೇದೇ. ಆದರೆ ಊರ ಹೊರಗಿಂದ ಬಂದ ಇಬ್ಬರಿಗೆ ದಿನಾ ಒಂದು ಮನೆ ರೊಟ್ಟಿ ಕಳಿಸೋ ಪಾಳಿ ಒಂದಿತ್ತಲ್ಲ, ಅದು ಎಲ್ಲೂ ದಾಖಲಾಗದೇ ಹೋಗ್ತಿದೆ. ಶಾಸನದ ಅರವಟಿಗೆಗೆ ಕಲ್ಲಾದರೂ ಉಂಟು.

ನಮ್ಮ ಪ್ಲಾನು ಬಿಟ್ಟಿಲ್ಲ. ಕಾಗದಪತ್ರ ಸರಿ ಇರೋ ಖಾಸಗಿ ಬಸ್ಸೊಂದನ್ನ ಹುಡುಕ್ತಾ ಇದ್ದೀವಿ, ಕ್ಯಾರವಾನ್ ಮಾಡಿ ನೋಂದಣಿ ಮಾಡಿಸಿಕೊಡೋರ ಹತ್ತಿರವೇ ಕೆಲಸ ಕೊಡೋದು ಅಂತ ತೀರ್ಮಾನ ಆಗಿದೆ. ನಕ್ಷೆಯ ನಾಲ್ಕನೇ ವರ್ಶನ್ನಿನಲ್ಲಿ ಟ್ಯಾಂಕು 500ರಿಂದ 200 ಲೀಟರಿಗೆ ಇಳಿದಿದೆ. ಉಳಿದ ಜಾಗದಲ್ಲಿ ಮೂರು ಜನ ಕೂರೋ ಒಂದು ಸೀಟನ್ನ ಹಾಗೇ ಬಿಡ್ತಾ ಇದ್ದೀವಿ. ನೀರು ಕೇಳಿದ ಊರಲ್ಲಿ ಮಾತಾಡೋಕೆ ಬರೋರು ಕೂರಬೇಕಲ್ಲ.

ಅಷ್ಟರೊಳಗೆ ನನಗೊಂದು ಪಟ್ಟಿ ಬೇಕು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯವರು ಯಾರಾದರೂ ಓದ್ತಾ ಇದ್ದರೆ, ನಿಮ್ಮೂರಿಗೆ ವಸ್ತಿ ಬಸ್ಸು ಬರ್ತಿತ್ತಾ, ಎಲ್ಲಿ ನಿಲ್ತಿತ್ತು, ರೊಟ್ಟಿ ಯಾರ ಮನೆಯಿಂದ ಹೋಗ್ತಿತ್ತು ಅಂತ ಬರೆದು ತಿಳಿಸಿ. ಬೇರೆ ಜಿಲ್ಲೆಯವರದ್ದೂ ಇರಲಿ. ಡ್ರೈವರು ಕಂಡಕ್ಟರುಗಳು ಮನೆಯಲ್ಲಿದ್ದರೆ ಇವತ್ತೇ ಕೇಳಿ. ಅವರ ಪಕ್ಕದಲ್ಲಿ ಕೂತಿರೋರನ್ನೂ ಕೇಳಿ.